ನೊರೆಯ ಹಿಂದಿನ ಮಾತು

ಆಗಸ್ಟ್ ೪, ಸೋಮವಾರ

ಗಣಿತದ ಮೇಷ್ಟ್ರ ಮೀಸೆ ಹೋಯಿತು. ತೆಗೆದವನು ನಾನೇ, ಆದರೆ ತಪ್ಪು ನನ್ನದಲ್ಲ. ಇದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ.

ಕಾಲೇಜಿಗೆ ಸೇರಿದ ಕಾಲದಿಂದ ಅವರು ನನ್ನ ಕುರ್ಚಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೂತವರಲ್ಲ. ಇವತ್ತೂ ಎಂದಿನಂತೆ ಕುರ್ಚಿ ಹಿಂದಕ್ಕೆ ಒರಗಿಸಿ, ಮುಖದ ತುಂಬ ನೊರೆ ಹಚ್ಚಿ, ಕತ್ತಿ ಕೈಗೆ ತೆಗೆದುಕೊಂಡಿದ್ದೆ. ಆಗ "ಮೀಸೆ" ಎಂದು ಏನೋ ಅಂದರು. ತುಟಿಯ ಮೇಲೆಲ್ಲ ನೊರೆ. ನನಗೆ ಕೇಳಿಸಿದ್ದು "ಮೀಸೆ ಬೇಡ". ಇಷ್ಟು ವರ್ಷ ಮೀಸೆಯ ಸುದ್ದಿಯನ್ನೇ ಎತ್ತದ ಮನುಷ್ಯ ಇವತ್ತು ಎತ್ತಿದ್ದಾರೆ ಅಂದಮೇಲೆ ಬೇಡ ಅಂತಲೇ ತಾನೆ? ಇರುವ ಮೀಸೆಯನ್ನು ಬೇಕು ಅಂತ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಕತ್ತಿಯನ್ನು ಎರಡು ಸಲ ಎಳೆದೆ. ನೀಟಾಗಿ ಬಂತು.

ಕುರ್ಚಿ ಎತ್ತಿ ಕೂರಿಸಿದಾಗ ಕನ್ನಡಿಯಲ್ಲಿ ಅವರ ಮುಖ ನೋಡಬೇಕಿತ್ತು. ಯಾರದೋ ಮುಖವನ್ನು ತಂದು ಅಂಟಿಸಿದ ಹಾಗೆ ಬೆಚ್ಚಿಬಿದ್ದರು.

"ಏನ್ರೀ ಮಾಡಿಬಿಟ್ರಿ! ಮೀಸೆ ಬೇಕು, ಅಂಚು ಮಾತ್ರ ಸರಿಮಾಡಿ ಅಂದೆನಲ್ರೀ!"

"ಬೇಡ ಅಂದ್ರಿ ಸಾರ್."

"ಬೇಕು ಅಂದೆ. ನಾಳೆ ಕಾಲೇಜಲ್ಲಿ ಗ್ರೂಪ್ ಫೋಟೋ ಬೇರೆ ಇದೆ!"

ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು, ಹಲ್ಲುನೋವಿನವರ ಹಾಗೆ ಬೀದಿ ದಾಟಿ ಹೋದರು. ಪಾಪ, ಬೈಯಲಿಲ್ಲ. ಬೈದಿದ್ದರೆ ನನಗೂ ಎರಡು ಮಾತು ಆಡಲು ಅನುಕೂಲವಾಗುತ್ತಿತ್ತು.

ಜನ ಈಚೆಗೆ ಬಾಯೊಳಗೇ ಮಾತಾಡುತ್ತಾರೆ. ಕನ್ನಡಿಗೆ ಎದುರಾಗಿ ಕೂತಿರುವ ತನಕ ಎಲ್ಲರ ಮಾತೂ ಸ್ಪಷ್ಟ. ಹಿಂದಕ್ಕೆ ಒರಗಿಸಿದೊಡನೆ ಬರೀ ಗೊಣಗು. ಕುತ್ತಿಗೆ ಬಾಗಿದಾಗ ಗಂಟಲು ಒತ್ತಿಕೊಳ್ಳುತ್ತದೋ ಏನೋ.

ಆಗಸ್ಟ್ ೭, ಗುರುವಾರ

ಹೊಸ ಕತ್ತರಿಯನ್ನು ಮತ್ತೆ ಸಾಣೆಗೆ ಕಳಿಸಿದ್ದೆ. ಒಳ್ಳೆಯ ಕತ್ತರಿ ಕೂದಲು ಕಚ್ಚುವಾಗ ಕಿಚಕಿಚ ಅನ್ನಬೇಕು. ಇದು ಮೂಗಿ. ಸಾಣೆಯವನು ಕೈಬೆರಳ ರೋಮ ಕತ್ತರಿಸಿ ತೋರಿಸಿ, ಕಾಸು ತೆಗೆದುಕೊಳ್ಳದೆ ವಾಪಸು ಕೊಟ್ಟ. "ಇದಕ್ಕಿಂತ ಹರಿತ ಮಾಡಿದ್ರೆ ಗಿರಾಕಿ ಕಿವಿ ಉಳಿಯಲ್ಲ" ಅಂದ. ಅವನಿಗೂ ವಯಸ್ಸಾಯಿತು.

ಮನೆಯ ಕರೆಗಂಟೆಯೂ ಕೆಟ್ಟಿದೆ. ನಮ್ಮವಳು ಪೇಟೆಯಿಂದ ಬಂದು ಬಾಗಿಲಲ್ಲಿ ನಿಂತೇ ಇದ್ದಳಂತೆ. ನಾನು ಒಳಗೆ ಪೇಪರು ಓದುತ್ತಿದ್ದೆ. ಬ್ಯಾಟರಿ ಬದಲಾಯಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಹಾಗಂತ ಹೇಳಿದ್ದಕ್ಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಲೆಯ ಕಡೆ ತಿರುಗಿ ಏನೋ ಗೊಣಗಿದಳು. ಗೋಡೆಗೆ ಮುಖ ಮಾಡಿ ಮಾತಾಡುವುದು ಅವಳ ಹೊಸ ಚಾಳಿ.

ಆಗಸ್ಟ್ ೯, ಶನಿವಾರ

ಕೈಕಾಲು ಆಡುತ್ತಿಲ್ಲ.

ನನ್ನ ಅಂಗಡಿಗೂ ಪಕ್ಕದ ಪಬ್ಬಿಗೂ ನಡುವೆ ಇರುವುದು ಒಂದು ಇಟ್ಟಿಗೆ ಗೋಡೆ. ಮೊದಲು ಆ ಪಬ್ಬಿನ ಜಾಗ ಪುಸ್ತಕದ ಗೋದಾಮಾಗಿತ್ತು. ಈಗ ಅಲ್ಲಿಯೇ ಬಿಯರು ಕಾಯಿಸಿ, ಹುದುಗು ಬರಿಸಿ, ಅಲ್ಲಿಯೇ ಸುರಿದು ಕೊಡುತ್ತಾರೆ. ಕಾಲೇಜಿನವರಿಗೆಲ್ಲ ಅದೇ ಎರಡನೇ ಕ್ಲಾಸ್‌ರೂಮು. ಬಿಯರು ಮಾಡುವವಳು ನನ್ನ ಮಗಳು. ಸೂಕ್ಷ್ಮಜೀವಿಗಳ ವಿಷಯ ಓದಿ ಪಾಸಾದಳು. ಈಗ ಆ ಜೀವಿಗಳಿಗೆ ಊಟ ಹಾಕಿ ಸಾಕುತ್ತಾಳೆ. ಪಬ್ಬಿನ ಯಜಮಾನನಿಗೆ ಬೀದಿಯಲ್ಲೆಲ್ಲ ಮೀಸೆರಾಯ ಎಂದೇ ಹೆಸರು. ಮೇಲ್ದುಟಿ, ಕೆಳದುಟಿ ಎರಡನ್ನೂ ನುಂಗಿ ನಿಂತ ಮೀಸೆ. ಎಣ್ಣೆ ಹಚ್ಚಿ ತಾನೇ ತೀಡಿಕೊಳ್ಳುತ್ತಾನೆ, ನನ್ನ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ.

ಆ ಮೀಸೆರಾಯನಿಗೆ ಇನ್ನೆರಡು ಟ್ಯಾಂಕು ಇಡಲು ಜಾಗ ಬೇಕಂತೆ. ಗೋಡೆ ಒಡೆದು ನನ್ನ ಅಂಗಡಿಯನ್ನು ಸೇರಿಸಿಕೊಳ್ಳುವ ಯೋಚನೆ. ಮುಂದಿನ ಶನಿವಾರ ಬಂದು ಮಾತಾಡಿ ಅಂದಿದ್ದಾನೆ.

ಮಗಳು ಬೂಟು ಹಾಕಿಕೊಳ್ಳುತ್ತ ಹೇಳಿದಳು, "ಅಪ್ಪ, ಕೊಡೋದು ಬಿಡೋದು ನಿನಗೆ ಸೇರಿದ್ದು. ನೀನೇ ಬಂದು ನಿನ್ನ ಬಾಯಿಂದ ಹೇಳು."

"ನೀನೇನಂತೀಯ?"

"ನಾನು ಈಗಲೇ ಹೇಳಿದ್ರೆ ನೀನು ಯೋಚನೆ ಮಾಡೋದೇ ಬಿಟ್ಟುಬಿಡ್ತೀಯ. ಮೊದಲು ನೀನು ನೋಡು, ಆಮೇಲೆ ನಾನು ಹೇಳ್ತೀನಿ."

ಅಂಗಡಿ ಬಿಟ್ಟು ನಾನು ಏನು ಮಾಡಲಿ? ಬೆಳಗಾದರೆ ಎಲ್ಲಿಗೆ ಹೋಗಲಿ? ಆದರೆ ಅವಳ ಕೆಲಸ ಬೆಳೆಯುವ ಹೊತ್ತಿನಲ್ಲಿ ಅಪ್ಪನೇ ಅಡ್ಡಗೋಡೆಯಾದ ಅನ್ನಿಸಿಕೊಳ್ಳುವುದೂ ನನ್ನಿಂದಾಗದು.

ಆಗಸ್ಟ್ ೧೩, ಬುಧವಾರ

ಊಟ ಸೇರುತ್ತಿಲ್ಲ. ಗಿರಾಕಿ ಇಲ್ಲದಾಗ ಕನ್ನಡಿ ಮುಂದೆ ನಿಂತು "ಬೇಡ" ಎಂದು ಅಭ್ಯಾಸ ಮಾಡಿದೆ. ಬೇಡ ಅನ್ನುವಾಗ ಬಾಯಿ ತೆರೆದೇ ಉಳಿಯುತ್ತದೆ. ಬೇಕು ಅಂದರೆ ತುಟಿ ಗುಂಡಗಾಗಿ ಮುಂದೆ ಬರುತ್ತದೆ. ಗಿರಾಕಿಯ ಮನಸ್ಸು ನನಗೆ ತಿಳಿಯುವುದು ಹೀಗೆಯೇ. ಇದು ಕಸುಬು ಕಲಿಸಿದ ವಿದ್ಯೆ. ದೊಡ್ಡ ಮೀಸೆಯವರು ಮಾತ್ರ ಯಾವಾಗಲೂ ಗೊಣಗುತ್ತಾರೆ. ಈಚೆಗೆ ಅಂಥವರ ಮೀಸೆಯನ್ನು ಕೇಳದೆಯೇ ತುಸು ಮೊಟಕು ಮಾಡುತ್ತಿದ್ದೇನೆ. ಆಮೇಲೆ ಅವರ ಮಾತು ಎಷ್ಟೋ ಸುಧಾರಿಸುತ್ತದೆ.

ಮಗಳ ಮನಸ್ಸಿನಲ್ಲಿ ಏನಿದೆಯೋ. ಅದೊಂದು ತಿಳಿದರೆ ಸಾಕು.

ಆಗಸ್ಟ್ ೧೬, ಶನಿವಾರ

ಎಲ್ಲ ಮುಗಿಯಿತು. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಇಸ್ತ್ರಿ ಅಂಗಿ ಹಾಕಿಕೊಂಡು, ಬಿಸಿಲು ಇಳಿಯುವ ಮೊದಲೇ ಹೋದೆ. ಬೇಗ ಹೋದರೆ ಗದ್ದಲ ಕಮ್ಮಿ ಇದ್ದೀತು ಅಂದುಕೊಂಡಿದ್ದೆ. ಎಲ್ಲಿಯ ಕಮ್ಮಿ! ಬಾಗಿಲು ತಳ್ಳಿದೊಡನೆ ಎರಡೂ ಕಿವಿಗೆ ಹತ್ತಿ ತುರುಕಿದಂತಾಯಿತು. ಉದ್ದುದ್ದ ಬೆಂಚುಗಳು, ಬೆಂಚು ತುಂಬ ಹುಡುಗ ಹುಡುಗಿಯರು. ಒಬ್ಬರು ಮೇಡಂ ಗ್ಲಾಸನ್ನು ಪಕ್ಕಕ್ಕಿಟ್ಟುಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದರು. ಹೆಚ್ಚು ಕುಡಿದ ಹಾಗೆಲ್ಲ ಹೆಚ್ಚು ಮಾರ್ಕು ಕೊಡುತ್ತಿದ್ದರೋ ಏನೋ, ಮುಖದ ತುಂಬ ನಗು. ಒಂದು ಮೇಜಿನಲ್ಲಿ ಚೆಸ್ಸು, ಅದರ ಸುತ್ತ ದೊಡ್ಡ ಗುಂಪು. ಮೇಜಿನ ಕೆಳಗೆ ಯಾರದೋ ನಾಯಿ ಕಾಲು ಚಾಚಿ ಮಲಗಿತ್ತು. ಗೋಡೆಯ ಕರಿಹಲಗೆಯಲ್ಲಿ ಇವತ್ತಿನ ಬಿಯರುಗಳ ಹೆಸರನ್ನು ಸುಣ್ಣದ ಕಡ್ಡಿಯಲ್ಲಿ ಬರೆದಿದ್ದರು. ಮೊಳಕೆ ಕಾಳು ಬೇಯಿಸಿದಂಥ ವಾಸನೆ.

ಹಿಂದೆ ಗಾಜಿನ ಗೋಡೆ, ಅದರಾಚೆ ಉಕ್ಕಿನ ಟ್ಯಾಂಕುಗಳು. ನನ್ನ ಮಗಳು ತಲೆಗೆ ಬಟ್ಟೆ ಕಟ್ಟಿ, ಮೊಣಕಾಲುದ್ದ ರಬ್ಬರು ಬೂಟಿನಲ್ಲಿ ಏಣಿ ಹತ್ತಿ ನಿಂತಿದ್ದಳು. ಟ್ಯಾಂಕಿಗೆ ಕಿವಿಯಿಟ್ಟು ಏನನ್ನೋ ಆಲಿಸಿ, ತಲೆದೂಗಿ, ಕೆಳಗಿಳಿದು ಬಂದಳು. ಯಾರ ಮಗಳು ಇವಳು ಅನ್ನಿಸಿತು. ಅವಳಿಗೆ ಟ್ಯಾಂಕು ಬೇಕೆಂದರೆ ನನ್ನ ಅಂಗಡಿಯೇನು, ಮನೆಯನ್ನೂ ಒಡೆದುಕೊಳ್ಳಲಿ ಅನ್ನಿಸಿದ್ದು ಸುಳ್ಳಲ್ಲ.

ಕಿಟಕಿಗೆ ಬೆನ್ನು ಮಾಡಿ ಅವಳು ನನ್ನೆದುರು ಕೂತಳು. ಹಿಂದಿನಿಂದ ಬಿಸಿಲು ಹೊಡೆದು ಅವಳ ಮುಖ ಕಪ್ಪಾಗಿ ಕಾಣುತ್ತಿತ್ತು. ತಾನೇ ಮಾಡಿದ್ದೆಂದು ಒಂದು ಗ್ಲಾಸು ಮುಂದಿಟ್ಟಳು. ಕುಡಿದೆ. ಕಷಾಯಕ್ಕೆ ನೊರೆ ಬಂದ ಹಾಗಿತ್ತು. ಏನೋ ಕೇಳಿದಳು. "ಆಂ?" ಅಂದೆ. ಮತ್ತೆ ಕೇಳಿದಳು. ಮತ್ತೆ "ಆಂ?" ಅಂದೆ. ಪಕ್ಕದ ಬೆಂಚಿನ ಹುಡುಗಿ ತಿರುಗಿ ನೋಡಿದಳು. ಇನ್ನೊಮ್ಮೆ ಕೇಳಿದರೆ ನಗೆಪಾಟಲಾಗುತ್ತೇನೆಂದು "ಚೆನ್ನಾಗಿದೆ, ಚೆನ್ನಾಗಿದೆ" ಅಂದೆ. ಪ್ರಶ್ನೆ ಅದೇ ಇದ್ದಿರಬೇಕು.

ಮೀಸೆರಾಯ ಬಂದು ಕೈಕುಲುಕಿ ಮಾತು ಶುರು ಮಾಡಿದ. ನಾನು ನೋಡಿದ್ದು ಮೀಸೆ ಏಳುವುದು, ಮೀಸೆ ಇಳಿಯುವುದು, ಇಷ್ಟೇ. ಅವನು ನಕ್ಕಾಗ ನಕ್ಕೆ, ಹುಬ್ಬು ಗಂಟಿಕ್ಕಿದಾಗ ಗಂಟಿಕ್ಕಿದೆ. ನಡುನಡುವೆ ಹೂಂ ಹೂಂ. ಬೆನ್ನಮೇಲೆ ಬೆವರು ಇಳಿಯುತ್ತಿತ್ತು. ಯಾರೋ ಕರೆದರೆಂದು ಅವನು ಎದ್ದುಹೋದ.

ಆಗ ಮಗಳು ಮುಂದಕ್ಕೆ ಬಾಗಿ ನನ್ನ ಮಣಿಕಟ್ಟು ಹಿಡಿದಳು. ಒಂದು ಗುಟುಕು ಕುಡಿದಳು, ಗ್ಲಾಸು ಇನ್ನೂ ಬಾಯ ಹತ್ತಿರವೇ ಇತ್ತು, ತುಟಿಗೆ ನೊರೆ ಮೆತ್ತಿತ್ತು. "ಅಪ್ಪ, ಅಂಗಡಿ ಬಿಡಬೇ" ಎಂಬಷ್ಟು ಕಿವಿಗೆ ಬಿತ್ತು. ಅಷ್ಟರಲ್ಲಿ ಚೆಸ್ಸಿನ ಮೇಜಿನವರು ಯಾರೋ ಸೋತದ್ದಕ್ಕೆ ಮೇಜು ಗುದ್ದಿ ಕೂಗಿದರು. ಕೊನೆಯ ಒಂದಕ್ಷರ ಅದರೊಳಗೆ ಕೊಚ್ಚಿಹೋಯಿತು.

ಆದರೆ ಆ ಒಂದಕ್ಷರ ಊಹಿಸುವುದಕ್ಕೆ ದೊಡ್ಡ ಬುದ್ಧಿ ಬೇಕೆ? ಬಿಡಬೇಕು. ಬೇಡ ಅನ್ನುವುದಿದ್ದರೆ ಮನೆಯಲ್ಲೇ ಅಂದಿರುತ್ತಿದ್ದಳು, ಇಲ್ಲಿಯ ತನಕ ಕರೆಸುವ ಕೆಲಸವೇನಿತ್ತು? ಎದೆ ಧಸಕ್ಕೆಂದಿತು. ಆದರೂ "ನನಗೆ ಗೊತ್ತು ಬಿಡು" ಅಂದೆ. ಕೈಯನ್ನು ಇನ್ನೊಮ್ಮೆ ಒತ್ತಿ ಬಿಟ್ಟಳು.

ಮೀಸೆರಾಯ ಹಿಂದಿರುಗಿ ಬಂದು ಹುಬ್ಬೇರಿಸಿ ಏನೋ ಕೇಳಿದ. ಹುಬ್ಬೇರಿಸಿದ ಮೇಲೆ ಅದು ಆ ಪ್ರಶ್ನೆಯೇ. "ಆಗಲಿ, ತಗೊಳ್ಳಿ" ಅಂದೆ.

ಮಗಳು ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದಳು. ನನ್ನನ್ನೂ ನೋಡದೆ, ಅವನನ್ನೂ ನೋಡದೆ ಎದ್ದು ಟ್ಯಾಂಕುಗಳ ಕಡೆ ಹೋಗಿಬಿಟ್ಟಳು. ಸಂತೋಷಕ್ಕೆ ಕಣ್ಣು ತುಂಬಿರಬೇಕು. ಮೀಸೆರಾಯ ನನ್ನ ಕೈ ಕುಲುಕಿ ಕುಲುಕಿ ಸುಸ್ತಾದ. ಒಂದು ಬೆರಳು ಎತ್ತಿ ತೋರಿಸಿದ. ಒಂದು ತಿಂಗಳೊಳಗೆ ಬೀಗದ ಕೈ ಕೊಡಬೇಕು ತಾನೆ ಎಂದು ನಾನೇ ಕೇಳಿದೆ, ತಲೆಯಾಡಿಸಿದ. ಕೊಟ್ಟ ಮಾತು ಕೊಟ್ಟಹಾಗೆ.

ಆಗಸ್ಟ್ ೧೮, ಸೋಮವಾರ

ಮಗಳು ಮಾತು ಬಿಟ್ಟಿದ್ದಾಳೆ. ಊಟಕ್ಕೆ ಎದುರಿಗೆ ಕೂತಾಗ ನಾನೇ ಕೆಣಕಿದೆ, "ಈಗ ಸಮಾಧಾನವಾಯ್ತಾ?"

"ನಿನ್ನಿಷ್ಟ ಅಪ್ಪ. ನಿನಗೇ ಸಾಕಾಗಿದ್ರೆ ನಾನ್ಯಾರು ತಡೆಯೋಕೆ?"

ನನ್ನಿಷ್ಟವಂತೆ! ಬಿಡು ಅಂದವಳೂ ಅವಳೇ, ಮುಖ ಊದಿಸಿಕೊಂಡವಳೂ ಅವಳೇ. ಅನ್ನವನ್ನು ಹಾಗೇ ಬಿಟ್ಟು ಎದ್ದೆ.

ಆಗಸ್ಟ್ ೨೨, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ. ಇಬ್ಬರು ಗಿರಾಕಿಗಳು.

ಆಗಸ್ಟ್ ೨೭, ಬುಧವಾರ

ಹೆದರಿಕೆಯಾಗುತ್ತಿದೆ. ಯಾರ ಹತ್ತಿರ ಹೇಳಲಿ, ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಇರುವಾಗ ನಾನು ಸರಿಯಾಗಿರುತ್ತೇನೆ. ಗಿರಾಕಿ ಕೂರುತ್ತಾನೆ, ಕನ್ನಡಿಯಲ್ಲಿ ನಾವಿಬ್ಬರೂ ಹರಟುತ್ತೇವೆ, ನಗುತ್ತೇವೆ. ಹೊರಗೆ ಬಂದರೆ ಲೋಕವೇ ಪಿಸುಗುಟ್ಟುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಗೊಣಗುತ್ತಾನೆ, ಬ್ಯಾಂಕಿನಲ್ಲಿ ಕೂತ ಹುಡುಗಿ ಗೊಣಗುತ್ತಾಳೆ, ಹೆಂಡತಿ ಗೋಡೆಗೆ ಗೊಣಗುತ್ತಾಳೆ. ನಿನ್ನೆ ಬೀದಿ ದಾಟುವಾಗ ಸ್ಕೂಟರೊಂದು ಮೈಗೆ ತಾಗುವಂತೆ ಬಂದು ನಿಂತಿತು. ಹಾರ್ನ್ ಕೂಡ ಹಾಕದ ಪುಣ್ಯಾತ್ಮ, ಮೇಲಿಂದ ನನಗೇ ಕೈ ಬೀಸಿ ಬೈದ. ಅಂಗಡಿ ಹೋದಮೇಲೆ ನಾನು ಇಡೀ ದಿನ ಈ ಹೊರಗಡೆಯೇ ಇರಬೇಕಲ್ಲ.

ದೊಡ್ಡ ಕನ್ನಡಿಯನ್ನು ಮನೆಗೆ ತರುವುದೆಂದು ತೀರ್ಮಾನಿಸಿದ್ದೇನೆ. ಅಡುಗೆಮನೆಯ ಒಲೆಯ ಹಿಂದಿನ ಗೋಡೆಗೆ ಹಾಕಿದರೆ ನಮ್ಮವಳ ಮಾತಾದರೂ ಕೇಳಿಸೀತು.

ಸೆಪ್ಟೆಂಬರ್ ೩, ಬುಧವಾರ

ಬೆಳಿಗ್ಗೆ ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೇ ಗಣಿತದ ಮೇಷ್ಟ್ರು ಬಂದರು. ಮೀಸೆ ಹಲ್ಲುಜ್ಜುವ ಬ್ರಷ್ಷಿನಷ್ಟು ಬೆಳೆದಿದೆ. ಇನ್ನು ಬರಲಿಕ್ಕಿಲ್ಲ ಅಂದುಕೊಂಡಿದ್ದೆ, ಬಂದದ್ದು ನೋಡಿ ಹಿಗ್ಗಿಹೋದೆ. ಅವರ ಬೆನ್ನಿಗೇ ಮಗಳು. "ಸಾರ್, ಇವತ್ತು ನಾನು ಮೊದಲು" ಅಂದು ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ಬೆಂಚಿನಲ್ಲಿ ಕೂತು ಪೇಪರು ಬಿಡಿಸಿದರು.

ಚಿಕ್ಕವಳಿದ್ದಾಗ ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸುತ್ತಿದ್ದೆ. ಈಗ ಕುರ್ಚಿಯನ್ನೇ ಇಳಿಸಬೇಕಾಯಿತು. ಬಟ್ಟೆ ಹೊದಿಸಿದೆ. ನೀರು ಚಿಮುಕಿಸಿ ಬಾಚಿದೆ.

"ಎಷ್ಟು ತೆಗೀಲಿ?"

"ಭುಜದ ತನಕ. ಬಟ್ಟೆ ಕಟ್ಟಿದ್ರೂ ಈಚೆ ಬಂದುಬಿಡುತ್ತೆ."

ಮಾತು ಬಿಟ್ಟವಳು ಮಾತಾಡಿದಳಲ್ಲ, ಅಷ್ಟಕ್ಕೇ ನನ್ನ ಕೈ ಹಗುರಾಯಿತು. ಬೂಟಿನೊಳಗೆ ನೀರು ಹೋಗುತ್ತದೆ ಅಂದಳು. ಹೊಸ ಬೂಟು ತಗೋ ಅಂದೆ. ಮೀಸೆರಾಯ ಹೊಸ ಟ್ಯಾಂಕಿನ ಅಳತೆ ತೆಗೆಸುತ್ತಿದ್ದಾನೆ ಅಂದಳು. ತೆಗೆಸಲಿ ಅಂದೆ. ಆಮೇಲೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದಳು, "ಅಪ್ಪ, ಆವತ್ತು ಪಬ್ಬಲ್ಲಿ ನಿನ್ನ ಕೈ ಹಿಡ್ಕೊಂಡು ನಾನು ಏನಂದೆ?"

"ಅಂಗಡಿ ಬಿಡಬೇಕು ಅಂದೆ. ಅದಕ್ಕೇ ಬಿಟ್ಟೆ. ನಿನಗೋಸ್ಕರ ಅಲ್ದೆ ಇನ್ಯಾರಿಗೋಸ್ಕರ?"

ಕಣ್ಣು ಮುಚ್ಚಿಕೊಂಡಳು. ಕತ್ತರಿ ತಾಗಿತೇನೋ ಎಂದು ಗಾಬರಿಯಾದೆ. ಕಣ್ಣು ಬಿಟ್ಟು ಮತ್ತೆ ಕೇಳಿದಳು, "ನಾನು ಈಗ ಹೇಳ್ತಿರೋದು ನಿನಗೆ ಕೇಳಿಸ್ತಿದೆಯಾ?"

"ಕೇಳಿಸದೆ ಏನು? ಚೆನ್ನಾಗಿ ಕೇಳಿಸ್ತಿದೆ."

"ನಾನು ಚಿಕ್ಕವಳಿದ್ದಾಗ ಕತ್ತರಿ ಕಂಡ್ರೆ ಅಳ್ತಿದ್ದೆ, ಅಲ್ವಾ?"

"ಅಳೋದೇನು, ಬೀದಿಯನ್ನೇ ಎಬ್ಬಿಸ್ತಿದ್ದೆ."

ಕನ್ನಡಿಯಲ್ಲಿ ಅವಳ ಕಣ್ಣು ತುಂಬಿ ಹರಿಯತೊಡಗಿತು. ಹಿಂದೆ ಮೇಷ್ಟ್ರು ಪೇಪರು ಕೆಳಗಿಳಿಸಿ, ಕನ್ನಡಕ ಮೇಲೇರಿಸಿ, ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ಏನ್ರೀ ಇದು? ಈ ಹುಡುಗಿ ಆಗಿನಿಂದ ಬರೀ ಬಾಯಿ ಆಡಿಸ್ತಿದ್ದಾಳೆ, ಗಂಟಲಿಂದ ಶಬ್ದಾನೇ ಬರ್ತಿಲ್ಲ. ನೀವು ನೋಡಿದ್ರೆ ಉತ್ತರ ಕೊಡ್ತಾ ಇದ್ದೀರಿ!"

ಕತ್ತರಿ ನಿಂತಿತು. ಒಂದು ಕಡೆ ಕೂದಲು ಭುಜಕ್ಕೆ, ಇನ್ನೊಂದು ಕಡೆ ಬೆನ್ನಿಗೆ.

"ಸಾರ್ ಮೀಸೆ ವಿಷಯ ಪಬ್ಬಲ್ಲಿ ನಗ್ತಾ ಹೇಳಿದ್ರು" ಅಂದಳು ಮಗಳು. ಇದು ಶಬ್ದ ಮಾಡಿಯೋ ಮಾಡದೆಯೋ ನನಗೆ ತಿಳಿಯದು. ತಿಳಿಯಲಿಲ್ಲ ಎಂಬುದೇ ನನ್ನನ್ನು ಅಲ್ಲಾಡಿಸಿಬಿಟ್ಟಿತು. "ಬೇಕು ಅಂದಿದ್ದು ಬೇಡ ಅಂತ ಕೇಳಿಸ್ತಂತೆ ಅಂದ್ರು. ಆಗ ನನಗೆ ಹೊಳೀತು. ಅಪ್ಪ, ನೋಡು. ಆವತ್ತು ನಾನು ಹೇಳಿದ್ದು ಇದು."

ನೋಡಿದೆ. ನೊರೆ ಇಲ್ಲ, ಗ್ಲಾಸಿಲ್ಲ, ಕಿಟಕಿಯ ಬಿಸಿಲಿಲ್ಲ. ಅಂಗಡಿ ಬಿಡಬೇ, ಅಲ್ಲಿಯ ತನಕ ನನಗೆ ಗೊತ್ತಿತ್ತು. ಆಮೇಲೆ ಅವಳ ತುಟಿ ಗುಂಡಗಾಗಲಿಲ್ಲ. ಬಾಯಿ ತೆರೆದೇ ಉಳಿಯಿತು.

ಸೆಪ್ಟೆಂಬರ್ ೪, ಗುರುವಾರ

ನನಗೆ ಕಿವಿ ಕೇಳುವುದಿಲ್ಲ.

ಬರೆದು ನೋಡಿದೆ. ಬರೆಯಲು ಬಂತು. ಹೆಂಡತಿಗೆ ಹೇಳಿದೆ. ಅವಳು ಎದುರಿಗೆ ಬಂದು ನಿಂತು, "ನನಗೆ ಗೊತ್ತಿತ್ತು. ಎಷ್ಟು ಸಲ ಹೇಳಿದೆ, ನಿಮಗೆ ಕೇಳಿಸಿದ್ರೆ ತಾನೆ!" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು. ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುವುದು ಅಂತಾಯಿತು.

ಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ತೆಗೆದುಕೊಳ್ಳಬೇಕಾದರೆ ನನಗೆ ಕೇಳಿಸಿರಲಿಲ್ಲ ಎಂದು ಅಲ್ಲಿ ಹೇಳಬೇಕು. ಬೀದಿಯವರೆಲ್ಲ ಕೂರುವ ಜಾಗದಲ್ಲಿ. ನಾಳೆಯಿಂದ ಯಾರು ಈ ಕಿವುಡನ ಕತ್ತಿಗೆ ಕುತ್ತಿಗೆ ಕೊಟ್ಟಾರು? ಮೊನ್ನೆಯ ತನಕ ಅಂಗಡಿ ಹೋಗುತ್ತದೆಂಬ ಭಯ. ಈಗ ಉಳಿಸಿಕೊಳ್ಳುವ ಭಯ ಅದಕ್ಕಿಂತ ದೊಡ್ಡದಾಗಿದೆ. ಮಗಳು ತಾನೇ ಹೇಳಿಬಿಡುತ್ತೇನೆ ಅಂದಳು. ಬೇಡ ಅಂದೆ.

ಸೆಪ್ಟೆಂಬರ್ ೬, ಶನಿವಾರ

ಅದೇ ಇಸ್ತ್ರಿ ಅಂಗಿ, ಅದೇ ಬೆಂಚು. ಈ ಸಲ ಕಿಟಕಿಗೆ ಬೆನ್ನು ಮಾಡಿ ನಾನು ಕೂತೆ. ಬೆಳಕು ಎದುರಿಗೆ ಕೂತವರ ಮುಖದ ಮೇಲೆ ಬೀಳಲಿ ಎಂದು. ಮೀಸೆರಾಯ ಗ್ಲಾಸು ಹಿಡಿದು ಬಂದು ಕೂತ, ಪಕ್ಕದಲ್ಲಿ ಮಗಳು. ಅವಳ ಕೂದಲು ಎರಡೂ ಕಡೆ ಈಗ ಸಮ.

ಹೇಳಿಯೇಬಿಟ್ಟೆ.

"ನನಗೆ ಕಿವಿ ಕೇಳಲ್ಲ. ಆವತ್ತು ನೀವು ಏನು ಕೇಳಿದ್ರೋ ನನಗೆ ಗೊತ್ತಿಲ್ಲ. ಗೊತ್ತಿಲ್ದೇನೆ ಆಗಲಿ ಅಂದುಬಿಟ್ಟೆ."

ಎಷ್ಟು ಗಟ್ಟಿಯಾಗಿ ಹೇಳಿದೆನೆಂದು ಆಮೇಲೆ ತಿಳಿಯಿತು. ಮೇಜಿನ ಕೆಳಗಿನ ನಾಯಿ ಎದ್ದು ಕೂತಿತ್ತು. ಚೆಸ್ಸಿನವರ ಕೈ ಕುದುರೆಯನ್ನು ಎತ್ತಿದಲ್ಲೇ ನಿಂತಿತ್ತು. ಪೇಪರು ತಿದ್ದುವ ಮೇಡಂ, ಬಿಯರು ಸುರಿದು ಕೊಡುತ್ತಿದ್ದ ಹುಡುಗಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನು ಯಾರಿಗೂ ಬೇರೆಯಾಗಿ ಹೇಳುವ ಕೆಲಸ ಉಳಿಯಲಿಲ್ಲ. ಮುಖ ಬಿಸಿಯಾಯಿತು, ನೆಲ ನೋಡೋಣ ಅನ್ನಿಸಿತು. ಆದರೆ ನೆಲ ನೋಡಿದರೆ ಉತ್ತರ ಕೇಳಿಸುವುದಿಲ್ಲ.

ಮೀಸೆರಾಯ ದೊಡ್ಡದೊಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟ. ಮೀಸೆಯ ತುಂಬ ನೊರೆ. ನೊರೆ ಅಲ್ಲಾಡಿತು, ಏನೋ ಹೇಳಿದ. ಹೂಂ ಎಂಬುದು ನನ್ನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಮೊದಲು ನೊರೆ ಒರೆಸ್ಕೊಳ್ಳಿ" ಅಂದೆ. "ಆ ಮೀಸೇನ ಸ್ವಲ್ಪ ಎತ್ತಿ ಹಿಡ್ಕೊಳ್ಳಿ. ಆಮೇಲೆ ಹೇಳಿ."

ಸುತ್ತಲವರ ಭುಜಗಳು ಕುಲುಕಿದ್ದನ್ನು ಕಂಡೆ; ನಗುತ್ತಿದ್ದರು. ಅವನೂ ನಕ್ಕ. ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಎರಡು ಕೈಯಿಂದ ಮೀಸೆಯ ಎರಡು ತುದಿಗಳನ್ನು ಎತ್ತಿ ಹಿಡಿದ. ಇಷ್ಟು ದಿನಕ್ಕೆ ಅವನಿಗೂ ತುಟಿ ಇದೆಯೆಂದು ಗೊತ್ತಾಯಿತು. ಒಳ್ಳೆಯ ತುಟಿಗಳೇ.

"ಅಂಗಡಿ ನಿಮಗೆ ಬೇಕಾ?" ಅಂದ.

ಪ್ರತಿ ಅಕ್ಷರವೂ ಕಂಡಿತು. ಮಗಳ ಕಡೆ ತಿರುಗಿದೆ. ಅವಳು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಬೇಕು" ಅಂದೆ.